ಮೂವತ್ತೊಂಬತ್ತು ಡಿಗ್ರಿ ಎಂದರೆ ಎಷ್ಟು ಜ್ವರ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಲ್ಲಿ ನನ್ನಿಂದ ವಿಜ್ಞಾನ ಕಲಿತವರಿಗೆ ಆ ಸೂತ್ರ ನೆನಪಿರಬಹುದು. ಸೆಲ್ಸಿಯಸ್ಸನ್ನು ಐದರಿಂದ ಭಾಗಿಸಿದರೂ, ಫ್ಯಾರನ್‌ಹೀಟ್‌ನಿಂದ ಮೂವತ್ತೆರಡು ಕಳೆದು ಒಂಬತ್ತರಿಂದ ಭಾಗಿಸಿದರೂ ಬರುವ ಉತ್ತರ ಒಂದೇ. ಪರೀಕ್ಷೆಯಲ್ಲಿ ಅಂಕಗಳು ಖಚಿತ. ಆದರೆ ಅದನ್ನು ನಾನು ಕಲಿಸಿದ ಕ್ರಮ ಸರಿಯಿರಲಿಲ್ಲವೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಶಿಷ್ಯೆಯೊಬ್ಬಳ ಮಗುವಿಗೆ ರಾತ್ರಿ ಮೈ ಸುಡುತ್ತಿತ್ತು. ಗಂಡ ವಿದೇಶದಿಂದ ತಂದಿರಿಸಿದ್ದ ಥರ್ಮಾಮೀಟರ್ 39.4 ಎಂದು ತೋರಿಸಿತು. ಪಾದರಸದ ಕಡ್ಡಿಯಲ್ಲಿ 98, 100 ನೋಡಿಯೇ ಅಭ್ಯಾಸವಿದ್ದ ಅತ್ತೆಯವರು, "ನೂರು ದಾಟಲಿಲ್ಲವಲ್ಲ, ಕಷಾಯ ಕೊಟ್ಟರಾಯಿತು" ಎಂದರಂತೆ. ಬೆಳಗಿನ ಜಾವ ಅವಳ ಫೋನು: "ಮಾಷ್ಟ್ರೇ, ಮೊದಲು ಗುಣಿಸುವುದೋ, ಮೂವತ್ತೆರಡು ಕೂಡಿಸುವುದೋ?" ಸುಮಾರು 103 ಡಿಗ್ರಿ ಜ್ವರ! ಮಗು ಗುಣವಾಯಿತು, ಆದರೆ ಒಂದು ರಾತ್ರಿ ವ್ಯರ್ಥವಾಯಿತು. ಅವಳು ಈ ಲೆಕ್ಕದಲ್ಲಿ ಪೂರ್ಣಾಂಕ ಪಡೆದಿದ್ದ ಹುಡುಗಿ.

ಎರಡು ಪಟ್ಟು ಮಾಡಿ ಮೂವತ್ತು ಕೂಡಿಸುವ ಸುಲಭೋಪಾಯವೊಂದು ಬಳಕೆಯಲ್ಲಿದೆ. ಹವೆಯ ಮಾತಿಗೆ ಅದು ಸಾಕು: 30 ಡಿಗ್ರಿಗೆ 90 ಬರುತ್ತದೆ, ನಿಜವಾದದ್ದು 86. ಜ್ವರಕ್ಕೆ ಮಾತ್ರ ಬೇಡ. 39ಕ್ಕೆ ಅದು 108 ಎನ್ನುತ್ತದೆ, ಮನೆಯವರ ಜೀವವೇ ಹಾರಿಹೋದೀತು! ಎರಡು ಪಟ್ಟು ಮಾಡಿ, ಬಂದದ್ದರ ಹತ್ತನೆಯ ಒಂದು ಪಾಲು ಕಳೆದು, ಮೂವತ್ತೆರಡು ಕೂಡಿಸಿ. 78ರಲ್ಲಿ 7.8 ಕಳೆದರೆ 70.2, ಮೂವತ್ತೆರಡು ಸೇರಿಸಿದರೆ 102.2. ಕಾಗದ ಪೆನ್ಸಿಲು ಬೇಡ, ತಪ್ಪೂ ಇಲ್ಲ. ಇದನ್ನೇ ನಾನು ಮೊದಲ ದಿನ ಹೇಳಬೇಕಿತ್ತು.

ಹೆಚ್ಚಳದ ಲೆಕ್ಕ ಬೇರೆ. ಭೂಮಿಯ ತಾಪ 1.5 ಡಿಗ್ರಿ ಸೆಲ್ಸಿಯಸ್ ಏರಿತು ಎಂದರೆ ಫ್ಯಾರನ್‌ಹೀಟ್‌ನಲ್ಲಿ 2.7 ಮಾತ್ರ, ಅಲ್ಲಿ ಮೂವತ್ತೆರಡಕ್ಕೆ ಕೆಲಸವಿಲ್ಲ.

ಇನ್ನು ನಮ್ಮ ಸೆಕೆಯ ವಿಷಯ. 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂದಾಗ ಉತ್ತರದ ಬಂಧುವೊಬ್ಬರು ನಕ್ಕರು, ಅವರಿಗೆ 44 ಡಿಗ್ರಿಯೂ ರೂಢಿ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ, ಅಂದರೆ 123.8 ಫ್ಯಾರನ್‌ಹೀಟ್ ದಾಖಲಾಗಿದೆ. ಆದರೆ ಹವಾಮಾನ ಇಲಾಖೆಯ ಅಳತೆಗೋಲೇ ಬೇರೆ ಬೇರೆ. ಬಯಲು ಪ್ರದೇಶಕ್ಕೆ ಕನಿಷ್ಠ 40 ಡಿಗ್ರಿ. ಕರಾವಳಿಯಲ್ಲಿ 37 ಮುಟ್ಟಿ, ವಾಡಿಕೆಗಿಂತ 4.5 ಹೆಚ್ಚಾಗಿದ್ದರೆ ಬಿಸಿಗಾಳಿ. ಆ 37 ಎಂದರೆ 98.6 ಫ್ಯಾರನ್‌ಹೀಟ್, ನಮ್ಮ ಮೈಯ ಸಹಜ ತಾಪವೇ! ಗಾಳಿ ಮೈಯಷ್ಟೇ ಬಿಸಿಯಾದ ಮೇಲೆ ದೇಹ ತಣಿಯಲು ಬೆವರು ಆರಬೇಕು. ನೇತ್ರಾವತಿಯ ದಡದ ತೇವದ ಗಾಳಿಯಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ. ನಮ್ಮ ಹಿರಿಯರು ಬಿಸಿಲು ಬೇರೆ, ಸೆಕೆ ಬೇರೆ ಎಂದದ್ದು ಇದಕ್ಕೇ. ಗೋಡೆಯ ಥರ್ಮಾಮೀಟರ್ ಸೆಕೆಯನ್ನು ಅಳೆಯಲಾರದು. ಅದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿ ನೋಡಿದರೆ ಸ್ವಲ್ಪ ತಿಳಿದೀತು. ಒಣ ಹವೆಯಲ್ಲಿ ಪಾದರಸ ಸರ್ರನೆ ಇಳಿಯುತ್ತದೆ, ನಮ್ಮಲ್ಲಿ ಬಲು ಕಡಿಮೆ. ಆದ್ದರಿಂದ ಅಂಕಿ ಸಣ್ಣದೆಂದು ಅಡಿಕೆ ತೋಟದ ಕೆಲಸದವರನ್ನು ನಡುಮಧ್ಯಾಹ್ನ ದುಡಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ.

ನಮ್ಮ ಮನೆಯ ಥರ್ಮಾಮೀಟರಿನ ಡಬ್ಬಿಗೆ ಒಂದು ಚೀಟಿ ಅಂಟಿಸಿದ್ದೇನೆ: 38ಕ್ಕೆ 100.4, 39ಕ್ಕೆ 102.2, 40ಕ್ಕೆ 104. ಇಂಥದೇ ಇನ್ನೊಂದನ್ನು ಆ ಶಿಷ್ಯೆಗೂ ಕಳುಹಿಸಿದೆ. ಅತ್ತೆಯವರು ಅದನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಕೊಂಡಿದ್ದಾರಂತೆ.