ಮೂರು ಬಟ್ಟಲುಗಳ ಪರೀಕ್ಷೆ

ಕಳೆದ ಶ್ರಾವಣ ಮಾಸದಲ್ಲಿ ಏಳು ದಿನಗಳ ಪ್ರವಚನದ ನಿಮಿತ್ತ ಚಂದಾಪುರಕ್ಕೆ ಹೋಗಿದ್ದೆನು. ಚಿಂಚೋಳಿಗೆ ಹೊಂದಿಕೊಂಡೇ ಇರುವ ಈ ಊರು ತೊಗರಿಯ ಸೀಮೆಗೆ ಸೇರಿದ್ದು. ನನಗೆ ಬಿಡಾರವನ್ನು ಕಲ್ಪಿಸಿದವರು ಒಬ್ಬ ಸದ್ಗೃಹಸ್ಥ ಒಕ್ಕಲಿಗರು. ಮಿತಭಾಷಿಗಳು, ದುಡಿಮೆಯವರು. ಅವರಿಗೆ ಒಂಬತ್ತನೆಯ ತರಗತಿಯಲ್ಲಿ ಓದುವ ಒಬ್ಬ ಮಗನಿದ್ದಾನೆ. ಮೂರನೆಯ ದಿನ ಪ್ರಸಾದವನ್ನು ಸ್ವೀಕರಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಆ ಮನೆಯ ತಾಯಿಯವರು ಒಂದು ವ್ಯಾಜ್ಯವನ್ನು ನನ್ನ ಮುಂದಿಟ್ಟರು.

"ಅಪ್ಪಾರೇ, ಈ ಹುಡುಗ ಜಾದೂದ ಬಟ್ಟಲ ಬೇಕಂತ ಹಟ ಹಿಡದಾನ್ರಿ. ಅವರ ಅಪ್ಪ ಮನ್ಯಾಗ ಬಟ್ಟಲದ ಹೆಸರು ಎತ್ತಬ್ಯಾಡ ಅಂತಾರ. ನೀವರ ಒಂದು ಮಾತು ಹೇಳ್ರಿ."

ಹುಡುಗನ ಬಳಿ ಆಗಲೇ ಒಂದು ಜೊತೆ ಪ್ಲಾಸ್ಟಿಕ್ ಬಟ್ಟಲುಗಳಿದ್ದವು. ಜಾತ್ರೆಯ ಆಟಿಕೆಯ ಅಂಗಡಿಯಲ್ಲಿ ಒಂದೆರಡು ನೂರು ರೂಪಾಯಿಗೆ ದೊರೆಯುವಂಥವು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಅವನ ಸೋದರಮಾವನು ವೃತ್ತಿಯಿಂದ ಎಂಜಿನಿಯರ್, ಹವ್ಯಾಸದಿಂದ ಜಾದೂಗಾರ. ಅವನ ಚೀಲದಲ್ಲಿ ಹಲವು ಸಾವಿರ ರೂಪಾಯಿ ಬೆಲೆಯ ತಾಮ್ರದ ಬಟ್ಟಲುಗಳಿದ್ದವು. ಅವುಗಳನ್ನು ಕಂಡಂದಿನಿಂದ ಹುಡುಗನಿಗೆ ತನ್ನವು ಬೇಡವಾದವು. ತನಗೂ ತಾಮ್ರದವೇ ಬೇಕು, ಅವಿಲ್ಲದೆ ವಿದ್ಯೆ ಬಾರದು ಎಂಬುದು ಅವನ ವಾದ.

ತಂದೆಯ ವಿರೋಧಕ್ಕೆ ಹಣವೊಂದೇ ಕಾರಣವಾಗಿರಲಿಲ್ಲ. ಎರಡು ವರ್ಷಗಳ ಹಿಂದೆ ತೊಗರಿಯನ್ನು ಮಾರಿ ಊರಿಗೆ ಮರಳುವಾಗ ದಾರಿಯಲ್ಲಿನ ಒಂದು ಜಾತ್ರೆಯಲ್ಲಿ ಅವರು ನಿಂತಿದ್ದರು. ಅಲ್ಲಿ ಒಬ್ಬನು ಮೂರು ಮುಚ್ಚಳಗಳನ್ನೂ ಒಂದು ಗುಂಡನ್ನೂ ಇಟ್ಟುಕೊಂಡು, "ಗುಂಡು ಎಲ್ಲಿದೆ ತೋರಿಸಿ, ಹಾಕಿದ ದುಡ್ಡಿಗೆ ಇಮ್ಮಡಿ ಪಡೆಯಿರಿ" ಎಂದು ಕೂಗುತ್ತಿದ್ದನು. ನೋಡನೋಡುತ್ತಲೇ ಇಬ್ಬರು ಗೆದ್ದರು. ಇವರೂ ಮೊದಲ ಸಲ ಗೆದ್ದರು. ಬಳಿಕ ಬಿತ್ತನೆಯ ಸಾಲಕ್ಕೆಂದು ಕಟ್ಟಿಟ್ಟ ಹಣವೆಲ್ಲ ಅರ್ಧ ಗಳಿಗೆಯೊಳಗೆ ಕರಗಿತು. ಈ ಸಂಗತಿಯನ್ನು ಅವರು ಮನೆಯಲ್ಲಿ ಆರು ತಿಂಗಳ ತನಕ ಹೇಳಿರಲಿಲ್ಲ. "ಆ ಬಟ್ಟಲ ನಮ್ಮ ಮನಿ ಹಾಳ ಮಾಡ್ಯಾವ್ರಿ. ಈಗ ಮಗ ಅದೇ ವಿದ್ಯಾ ಕಲೀತಾನಂದ್ರ ಹ್ಯಾಂಗ ಸುಮ್ಮನಿರಲಿ?" ಎಂದು ಅವರು ತಲೆ ತಗ್ಗಿಸಿದರು. ಆ ಮಾತಿನಲ್ಲಿ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಪ್ರಿಯ ವಾಚಕರೆ, ಶಾಸ್ತ್ರಗ್ರಂಥಗಳ ನಡುವೆ ಬೆಳೆದ ನಾನು ಬಟ್ಟಲುಗಳ ಪರೀಕ್ಷಕನಾಗುವೆನೆಂದು ಎಣಿಸಿರಲಿಲ್ಲ. ಆದರೆ ನ್ಯಾಯವನ್ನು ಕೇಳಿದವರಿಗೆ ಸಾಕ್ಷ್ಯವನ್ನು ನೋಡದೆ ಉತ್ತರ ಕೊಡುವುದು ತರವಲ್ಲ. ಆದಕಾರಣ ಎರಡೂ ಜೊತೆಗಳನ್ನು ತರಿಸಿದೆನು.

ಮೊದಲು ಈ ಆಟದ ಪೂರ್ವೋತ್ತರವನ್ನು ಅರಿಯೋಣ. ಬೋರಲಾದ ಮೂರು ಬಟ್ಟಲುಗಳ ಅಡಿಯಲ್ಲಿ ಸಣ್ಣ ಚೆಂಡುಗಳು ಕಾಣಿಸಿಕೊಳ್ಳುವುದು, ಮಾಯವಾಗುವುದು, ಒಂದರಿಂದ ಇನ್ನೊಂದಕ್ಕೆ ಹೋಗುವುದು, ಕೊನೆಗೆ ಯಾರೂ ನಿರೀಕ್ಷಿಸದ ನಿಂಬೆಹಣ್ಣುಗಳು ಹೊರಬೀಳುವುದು: ಇದು ಆಟದ ಸ್ವರೂಪ. ಜಾದೂವಿನ ಅತಿ ಪ್ರಾಚೀನ ಪ್ರಕಾರಗಳಲ್ಲಿ ಇದೂ ಒಂದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ತತ್ತ್ವಜ್ಞ ಸೆನೆಕನು ತನ್ನ ಪತ್ರವೊಂದರಲ್ಲಿ ಬಟ್ಟಲು ಮತ್ತು ಹರಳುಗಳ ಈ ಆಟವನ್ನು ಸ್ಮರಿಸಿದ್ದಾನೆ. ಅದರಲ್ಲಿ ಮೋಸಹೋಗುವುದೇ ಸಂತೋಷವೆಂದೂ, ಗುಟ್ಟು ತಿಳಿದರೆ ರುಚಿ ಹೋಗುವುದೆಂದೂ ಅವನ ಅಭಿಪ್ರಾಯ. ಗ್ರೀಕ್ ಲೇಖಕ ಆಲ್ಸಿಫ್ರಾನನ ಕಲ್ಪಿತ ಪತ್ರವೊಂದರಲ್ಲಿ ಹಳ್ಳಿಯ ರೈತನೊಬ್ಬನು ಪಟ್ಟಣದಲ್ಲಿ ಈ ಆಟವನ್ನು ಕಂಡು ಬೆರಗಾಗುತ್ತಾನೆ. ಇಂಥವನು ತನ್ನ ಹೊಲಮನೆಯ ಕಡೆ ಬಾರದಿರಲಿ, ಬಂದರೆ ಎಲ್ಲವನ್ನೂ ಮಾಯಮಾಡಿಯಾನು ಎಂದು ಹೆದರುತ್ತಾನೆ. ಚಂದಾಪುರದ ನಮ್ಮ ಒಕ್ಕಲಿಗರ ಭಯವು ಅಷ್ಟು ಹಳೆಯದು!

ಗಮನಿಸಬೇಕಾದ ಸಂಗತಿಯೆಂದರೆ, ಸೆನೆಕನು ಹೆಸರಿಸಿದ ಬಟ್ಟಲುಗಳು ಊಟದ ಮೇಜಿನ ಮೇಲೆ ವಿನೆಗರ್ ಎಂಬ ಹುಳಿರಸವನ್ನು ಬಡಿಸುವ ಸಾಮಾನ್ಯ ಪಾತ್ರೆಗಳು. ನಮ್ಮ ನಾಡಿನ ಬೀದಿಯ ಗಾರುಡಿಗರು ಬಳಸುತ್ತ ಬಂದದ್ದು ಕಟ್ಟಿಗೆಯ ಅಗ್ಗದ ಬಟ್ಟಲು. ಅದರ ನೆತ್ತಿಯ ಮೇಲೆ ಒಂದು ಗುಬುಟು ಇರುತ್ತದೆ. ಅದನ್ನು ಬೆರಳುಗಳ ಸಂದಿನಲ್ಲಿ ಹಿಡಿದು ಎತ್ತುತ್ತಾರೆ. ಚೆಂಡುಗಳು ಬಟ್ಟೆಯವು. ಕೇರಳದಲ್ಲಿ ಇದೇ ಆಟಕ್ಕೆ 'ಚೆಪ್ಪುಂ ಪಂದುಂ' ಎನ್ನುತ್ತಾರೆ. ನೆಲದ ಮೇಲೆ ಕುಳಿತು, ಸುತ್ತಲೂ ಜನರಿರುವಾಗ, ಯಾವ ಮೇಜಿನ ಆಸರೆಯೂ ಇಲ್ಲದೆ ಆಡುವ ಈ ಕೈಚಳಕವನ್ನು ಪಾಶ್ಚಾತ್ಯ ಜಾದೂಗಾರರೂ ಮೆಚ್ಚಿದ್ದಾರೆ.

ಇನ್ನು ಪರೀಕ್ಷೆಯ ವಿಚಾರ. ಪಡಸಾಲೆಯ ನೆಲ ಶಹಾಬಾದಿ ಕಲ್ಲಿನದು. ಮೊದಲು ಅದರ ಮೇಲೆಯೇ ಬಟ್ಟಲುಗಳನ್ನು ಇರಿಸಿದೆವು.

ಪ್ಲಾಸ್ಟಿಕ್ ಬಟ್ಟಲುಗಳ ದೋಷಗಳು ಬೇಗನೆ ಗೋಚರವಾದವು. ಮೂರನ್ನೂ ಕೂಡಿಸಿದರೂ ಒಂದು ತಾಮ್ರದ ಬಟ್ಟಲಿನ ತೂಕಕ್ಕೆ ಸಮವಾಗಲಿಲ್ಲ. ಆದ್ದರಿಂದ ಕೈ ತಗುಲಿದರೆ ಸಾಕು, ಉರುಳುತ್ತಿದ್ದವು. ಈ ಆಟದಲ್ಲಿ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿದಾಗ ನಡುವೆ ಒಂದು ಚೆಂಡು ಅಡಗುವಷ್ಟು ತೆರವು ಉಳಿಯಲೇಬೇಕು. ಇಲ್ಲಿ ತೆರವು ಇತ್ತಾದರೂ ಕಿರಿದಾಗಿತ್ತು. ಚೆಂಡು ಸಿಕ್ಕಿಕೊಂಡು, ಮೇಲಿನ ಬಟ್ಟಲು ಓರೆಯಾಗಿ ನಿಂತು ಗುಟ್ಟನ್ನು ತಾನೇ ಸಾರುತ್ತಿತ್ತು. ಬಾಯಿ ಸಣ್ಣದಾದುದರಿಂದ ನಿಂಬೆಹಣ್ಣು ಒಳಗೆ ಹೋದರೆ ಹೊರಗೆ ಬೀಳಲೊಲ್ಲದು. ಜೊತೆಗೆ ಕೊಟ್ಟ ಸ್ಪಂಜಿನ ಚೆಂಡುಗಳು ಹಗುರಾಗಿ, ಕೈಯಿಂದ ಜಾರುತ್ತಿದ್ದವು. ಆದರೂ ಒಂದು ಗುಣವನ್ನು ಹೇಳಲೇಬೇಕು. ಅವು ಕಲ್ಲಿನ ಮೇಲೆ ಸದ್ದು ಮಾಡುವುದಿಲ್ಲ. ನೂರು ಸಲ ಬಿದ್ದರೂ ತಾಯಿಗೆ ಚಿಂತೆಯಿಲ್ಲ.

ತಾಮ್ರದ ಬಟ್ಟಲುಗಳು ಪಾಲ್ ಫಾಕ್ಸ್ ಎಂಬ ಅಮೇರಿಕದ ಜಾದೂಗಾರನು ರೂಪಿಸಿದ ಆಕಾರದವು. ಲೋಹದ ತಗಡನ್ನು ಲೇತ್ ಯಂತ್ರದಲ್ಲಿ ತಿರುಗಿಸುತ್ತ ಅಚ್ಚಿನ ಮೇಲೆ ಒತ್ತಿ ಇಂಥವನ್ನು ತಯಾರಿಸುವರು. ಆದಕಾರಣ ಬೆಸುಗೆಯ ಗೆರೆಯಿಲ್ಲ. ಬಾಯಂಚು ದುಂಡಗೆ ಸುರುಳಿಗೊಂಡಿದೆ. ಬೆರಳಿಗೆ ಹಿತ, ಎತ್ತಲು ಅನುಕೂಲ. ಮೈಮೇಲಿನ ಉಬ್ಬುಬಳೆಯು ಒಂದು ಬಟ್ಟಲು ಇನ್ನೊಂದರೊಳಗೆ ಎಷ್ಟು ಇಳಿಯಬೇಕೋ ಅಷ್ಟಕ್ಕೆ ತಡೆಯುತ್ತದೆ. ಬುಡವು ತಟ್ಟೆಯಂತೆ ತಗ್ಗಾಗಿದೆ. ಬೋರಲು ಹಾಕಿದಾಗ ಅದರ ಮೇಲಿಟ್ಟ ಚೆಂಡು ಉರುಳುವುದಿಲ್ಲ. ಬಾಯಿಯ ಅಗಲ ಸುಮಾರು 2¾ ಅಂಗುಲ. ನಿಂಬೆಹಣ್ಣು ಸಲೀಸಾಗಿ ಬೀಳುತ್ತದೆ. ಹೀಗೆ ಇಲ್ಲಿ ಶೃಂಗಾರವೆಂದು ಕಾಣುವ ಪ್ರತಿಯೊಂದು ತಿರುವಿಗೂ ಒಂದು ಕೆಲಸವಿದೆ. ಬೆಲೆಯಲ್ಲಿ ಒಂದು ಪಾಲು ಇದಕ್ಕೆ ಸಲ್ಲುತ್ತದೆ. ಉಳಿದ ಪಾಲು ಹೊಳಪಿಗೂ ಹೆಸರಿಗೂ ಸಲ್ಲುತ್ತದೆ.

ಆದರೆ ಬೆಲೆಯುಳ್ಳದ್ದಕ್ಕೂ ದೋಷಗಳಿವೆ. ಕಲ್ಲಿನ ಮೇಲೆ ಇಟ್ಟೊಡನೆ ಅವು ಗಂಟೆಯಂತೆ ನುಡಿದವು. ಒಳಗೆ ಏನಾದರೂ ತಗುಲಿದರೆ ಇಡೀ ಪಡಸಾಲೆಗೆ ಕೇಳಿಸುತ್ತಿತ್ತು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ ಮೇಲೆಯೇ ಅವು ಸುಮ್ಮನಾದುದು. ಹದಿನಾಲ್ಕರ ಹುಡುಗನ ಕೈಗೆ ಅವು ಭಾರ. ಒಮ್ಮೆ ಕಲ್ಲಿನ ಮೇಲೆ ಬಿದ್ದರೆ ಅಂಚು ತಗ್ಗಾಗುವುದು, ತಗ್ಗಾದರೆ ಒಂದರೊಳಗೊಂದು ಸರಿಯಾಗಿ ಕೂಡವು. ತಾಮ್ರ ಕಂದುವುದೂ ಸಹಜ. ಹುಣಸೆಹಣ್ಣು ಉಪ್ಪಿನಿಂದ ಉಜ್ಜುವ ಉಪಾಯ ನಮ್ಮ ತಾಯಂದಿರಿಗೆ ಗೊತ್ತು. ಆದರೆ ಬೆಳ್ಳಿಯ ಲೇಪವಿದ್ದರೆ ಅಂಥ ಉಜ್ಜುವಿಕೆಯಿಂದ ಲೇಪವೇ ಸವೆದೀತು.

ಈ ನಡುವೆ ಮನೆಯ ತಾಯಿಯವರು ಅಡುಗೆಮನೆಯಿಂದ ಮೂರು ಸ್ಟೀಲಿನ ಲೋಟಗಳನ್ನು ತಂದಿಟ್ಟರು. ಅಂಚು ಹೊರಕ್ಕೆ ಬಾಗಿದ, ಬುಡ ಸ್ವಲ್ಪ ಒಳಸರಿದ ಹಳೆಯ ಲೋಟಗಳವು. ಒಂದರೊಳಗೊಂದು ಇರಿಸಿ ನೋಡಿದರೆ ಚೆಂಡಿಗೆ ಬೇಕಾದ ತೆರವು ಇತ್ತು, ತೂಕವೂ ಹದವಾಗಿತ್ತು! ಬಾಟಲಿಯ ಬಿರಡೆಯನ್ನು ದುಂಡಗೆ ಕೆತ್ತಿ, ಅದರ ಮೇಲೆ ಉಣ್ಣೆಯ ದಾರದ ಹೊದಿಕೆಯನ್ನು ಹೆಣೆದು ನಾಲ್ಕು ಚೆಂಡುಗಳನ್ನೂ ಅವರೇ ಸಿದ್ಧಪಡಿಸಿದರು. ಸದ್ದಿಲ್ಲದ, ಕೈಯಲ್ಲಿ ನಿಲ್ಲುವ ಚೆಂಡುಗಳು. ಬಟ್ಟಲಿಗಿಂತ ಮೊದಲು ಸುಧಾರಿಸಬೇಕಾದುದು ಚೆಂಡು ಎಂಬುದನ್ನು ಸೋದರಮಾವನೂ ಒಪ್ಪಿಕೊಂಡನು.

ಆಮೇಲೆ ನಾನು ಅವನಿಗೆ ಹೇಳಿದೆನು: "ತಮ್ಮಾ, ಈಗ ನೀನು ಅಗ್ಗದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಆಡಿ ತೋರಿಸು. ನಿನ್ನ ಅಳಿಯ ತಾಮ್ರದ್ದರಲ್ಲಿ ಆಡಲಿ." ಹಾಗೆಯೇ ನಡೆಯಿತು. ಎಂಜಿನಿಯರನ ಕೈಯಲ್ಲಿ ಪ್ಲಾಸ್ಟಿಕ್ ಬಟ್ಟಲುಗಳು ಉರುಳಲಿಲ್ಲ. ಓರೆಯಾದುದನ್ನು ಅವನು ಮಾತಿನ ನಡುವೆ ಕಿರುಬೆರಳಿನಿಂದ ಸರಿಪಡಿಸಿದುದು ನಮಗೆ ಕಾಣಲೂ ಇಲ್ಲ. ಹುಡುಗನ ಕೈಯಲ್ಲಿ ತಾಮ್ರದ ಬಟ್ಟಲು ಎರಡನೆಯ ವರಸೆಗೇ ಎಲ್ಲವನ್ನೂ ಬಯಲುಮಾಡಿತು. ಅವನ ಮುಖ ಬಾಡಿತು. ಆದರೆ ವಾದ ಮುಗಿಯಿತು. ಅಮೇರಿಕದ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರರ ಜೋಡಿಯು ಈ ಆಟವನ್ನು ಪಾರದರ್ಶಕ ಬಟ್ಟಲುಗಳಲ್ಲಿ ಆಡಿ ತೋರಿಸಿದೆ. ಎಲ್ಲವೂ ಕಾಣುತ್ತಿದ್ದರೂ ಕೈಯ ವೇಗವನ್ನು ಕಣ್ಣು ಹಿಂಬಾಲಿಸಲಾರದು. ಮುಚ್ಚುವ ಗುಣವೇ ಇಲ್ಲದ ಬಟ್ಟಲಿನಿಂದಲೂ ಆಟ ನಡೆಯುವುದಾದರೆ, ಬಟ್ಟಲಿನ ಪಾಲು ಎಷ್ಟು ಅಲ್ಪವೆಂಬುದನ್ನು ವಾಚಕರೇ ಊಹಿಸಬಹುದು.

ಉಳಿದುದು ತಂದೆಯವರ ಪ್ರಶ್ನೆ. ಅವರ ಹಣವನ್ನು ನುಂಗಿದವನ ಸಾಮಗ್ರಿ ಎಲ್ಲಕ್ಕಿಂತ ಅಗ್ಗದ್ದು: ಮೂರು ಮುಚ್ಚಳ, ಒಂದು ಮೆತ್ತನೆಯ ಗುಂಡು. ಅತ್ಯಂತ ಕಡಿಮೆ ಬಂಡವಾಳದಲ್ಲಿ ಅತ್ಯಧಿಕ ಲಾಭ ಅವನದು. ಅದು ಆಟವಲ್ಲ, ಸುಲಿಗೆ. ಮುಚ್ಚಳವನ್ನು ಸರಿಸುವಾಗ ಮೆತ್ತನೆಯ ಗುಂಡು ಹಿಂಬದಿಯಿಂದ ನುಸುಳಿ ಬೆರಳಿನ ಸಂದಿಗೆ ಬರುತ್ತದೆ. ಆಮೇಲೆ ಮೂರರಲ್ಲಿ ಯಾವುದನ್ನು ತೋರಿಸಿದರೂ ಸೋಲೇ. ಮೊದಲು ಗೆಲ್ಲುವ ಇಬ್ಬರು ಅವನ ಕಡೆಯವರೇ. ಹೊಸಬನಿಗೆ ಮೊದಲ ಗೆಲುವನ್ನು ಕೊಡುವುದು ಗಾಳಕ್ಕೆ ಎರೆ ಸಿಕ್ಕಿಸಿದಂತೆ. ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವುದು 1963ರ ಕರ್ನಾಟಕ ಪೊಲೀಸ್ ಅಧಿನಿಯಮದಂತೆ ಅಪರಾಧವೂ ಹೌದು.

ಜಾದೂಗಾರನು ಹಾಗಲ್ಲ. 'ಇದು ಕಣ್ಕಟ್ಟು' ಎಂದು ಮೊದಲೇ ಒಪ್ಪಿಕೊಂಡು ರಂಜಿಸುತ್ತಾನೆ. ನೋಡಿದವನು ಮೆಚ್ಚಿ ಕೊಟ್ಟುದನ್ನು ಪಡೆಯುತ್ತಾನೆ. ವೇಷಗಾರಿಕೆಯನ್ನೇ ಕಾಯಕವಾಗಿಸಿಕೊಂಡ ಬಹುರೂಪಿ ಚೌಡಯ್ಯನವರೂ ಶರಣಗಣದಲ್ಲಿ ಪೂಜ್ಯರೇ ಅಲ್ಲವೆ? ಅದೇ ಕೈಚಳಕವನ್ನು ದೈವೀಶಕ್ತಿಯೆಂದು ನಂಬಿಸಿ ಕಾಣಿಕೆ ಪಡೆಯುವವರೂ ಉಂಟು. ಅಂಥ ಪವಾಡಗಳನ್ನು ಪರೀಕ್ಷಿಸಲೆಂದೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಸಮಿತಿಯೊಂದನ್ನು ರಚಿಸಿದ್ದರು. ಕೈ ಒಂದೇ, ಬಟ್ಟಲು ಒಂದೇ. ಆಡುವವನು ನುಡಿಯುವ ಮಾತು ಸತ್ಯವೋ ಮಿಥ್ಯವೋ ಎಂಬುದರಲ್ಲಿ ಭೇದವಿದೆ.

ಈ ಎಲ್ಲವನ್ನೂ ಕೇಳಿದ ಮೇಲೆ ನನ್ನ ತೀರ್ಪು ಇಂತಾಯಿತು. ಹುಡುಗನು ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಮನೆಯ ಲೋಟಗಳಲ್ಲಿಯೇ, ಕನ್ನಡಿಯ ಮುಂದೆ, ಕಂಬಳಿಯ ಮೇಲೆ ಅಭ್ಯಾಸ ಮಾಡಲಿ. ಒಂದೇ ವರಸೆಯನ್ನು ಹತ್ತು ಜನರ ಮುಂದೆ ತಪ್ಪಿಲ್ಲದೆ ಆಡಿದ ಮೇಲೆ ನಡುಬೆಲೆಯ ಲೋಹದ ಜೊತೆಯೊಂದನ್ನು ಕೊಳ್ಳಬಹುದು. ಕೊಳ್ಳುವಾಗ ಹೊಳಪನ್ನು ನೋಡದೆ, ಒಂದರೊಳಗೊಂದು ಇರಿಸಿ ತೆರವನ್ನು ನೋಡಲಿ, ಬುಡದ ತಗ್ಗನ್ನು ನೋಡಲಿ, ನಿಂಬೆಹಣ್ಣನ್ನು ಹಾಕಿ ನೋಡಲಿ. ದುಬಾರಿಯ ಬಟ್ಟಲು ಜನರ ಮುಂದೆ ನಿತ್ಯ ಆಡುವವನಿಗೆ ತಕ್ಕುದು. ಕಲಿಯುವವನಿಗೆ ಅದು ಆತುರವೇ ಸರಿ. ಪಣವಿಟ್ಟು ಆಡುವುದು ಮಾತ್ರ ಎಂದಿಗೂ ಕೂಡದು. ಇದಕ್ಕೆ ಹುಡುಗನು ತಾಯಿಯ ಪಾದ ಮುಟ್ಟಿ ಒಪ್ಪಿದನು.

ಏಳನೆಯ ದಿನ ರಾತ್ರಿ ಪ್ರವಚನದ ಮಂಗಲವಾದ ಬಳಿಕ ಹುಡುಗನು ಲೋಟಗಳನ್ನು ಕಂಬಳಿಯ ಮೇಲೆ ಹೂಡಿದನು. ತಂದೆಯವರು ಬಾಗಿಲಿನ ಬಳಿ ನಿಂತೇ ಇದ್ದರು. ಎರಡು ವರಸೆ ಆದ ಮೇಲೆ ಮೆಲ್ಲನೆ ಬಂದು ಕುಳಿತರು. "ಅಪ್ಪಾ, ಚೆಂಡು ಎಲ್ಲದ ಹೇಳ್ರಿ" ಎಂದನು ಮಗ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ತೋರಿಸದೆ ಅಂದರು: "ಮೂರೂ ಎತ್ತು."

ಮಗನು ಮೂರನ್ನೂ ಎತ್ತಿದನು. ಯಾವುದರ ಅಡಿಯಲ್ಲಿಯೂ ಚೆಂಡಿರಲಿಲ್ಲ.

"ಅವತ್ತ ಈ ಮಾತು ನಾ ಕೇಳಲಿಲ್ರಿ, ಅಪ್ಪಾರೇ" ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು. ಎರಡು ವರ್ಷಗಳಿಂದ ತನ್ನ ಹಣೆಬರಹವನ್ನೂ ತನ್ನ ಬುದ್ಧಿಯನ್ನೂ ಹಳಿದುಕೊಳ್ಳುತ್ತಿದ್ದ ಆ ಜೀವಕ್ಕೆ ಅಂದು ಎಷ್ಟೋ ಹಗುರಾದಂತೆ ಕಂಡಿತು. ಹೋದ ಹಣವೇನೋ ಮರಳಿ ಬಾರದು. ಆದರೆ ಆ ಮನೆಯಲ್ಲಿ ಈಗ ಬಟ್ಟಲದ ಹೆಸರನ್ನು ಎತ್ತಬಹುದು. ಮರುದಿನ ಬೆಳಿಗ್ಗೆ ಅದೇ ಲೋಟಗಳಲ್ಲಿ ನಮಗೆ ಚಹಾ ಬಂದಿತು.