ಟೆನ್ಸ್ ತಪ್ಪಿತು ಅಂತ ನಗೋರಿಗೆ, ನಗಿಸ್ಕೊಂಡೋರಿಗೆ



ನಮ್ಮ ಕೇರಿಯ ಹುಡುಗ ಕಾಲೇಜಿನಲ್ಲಿ ಎದ್ದು ನಿಂತು 'ಐ ಡಿಡ್ ನಾಟ್ ವೆಂಟ್' ಅಂದ್ರೆ ಹಿಂದಿನ ಬೆಂಚಲ್ಲಿ ಕಿಸಕ್ ಅಂತಾರೆ. ಅವನು ಏನು ಹೇಳೋಕೆ ಎದ್ದಿದ್ದ ಅನ್ನೋದು ಯಾರಿಗೂ ಬೇಡ. ಅವತ್ತು ಕೂತವನು ಡಿಗ್ರಿ ಮುಗಿಯೋವರೆಗೂ ಬಾಯಿ ಬಿಡಲ್ಲ. ಬಾವಿ ಹತ್ರ, ಹೋಟ್ಲಲ್ಲಿ, ದೇವಸ್ಥಾನದ ಬಾಗಿಲಲ್ಲಿ ತಡೆದ್ರೆ ಅಟ್ರಾಸಿಟಿ ಕೇಸ್ ಹಾಕಬಹುದು. ವ್ಯಾಕರಣದ ಬಾಗಿಲಲ್ಲಿ ತಡೆದ್ರೆ ಯಾವ ಸ್ಟೇಷನ್ನಿಗೆ ಹೋಗೋಣ?

ತಮಾಷೆ ನೋಡಿ. ಹೀಗೆ ನಗೋ ಜನರೇ ವೇದಿಕೆ ಹತ್ತಿ 'ಬಡವರ ಮಕ್ಕಳು ಕನ್ನಡದಲ್ಲೇ ಓದಲಿ' ಅಂತಾರೆ. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದ್ದೇ 2007-08ರಲ್ಲಿ. ಅದಕ್ಕೂ ಮುಂಚೆ ನಾವೆಲ್ಲ ಐದನೇ ಕ್ಲಾಸಲ್ಲಿ ಎಬಿಸಿಡಿ ತಿದ್ದಿದೋರು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಅಂದಾಗ ಕನ್ನಡ ಸತ್ತೇಹೋಯ್ತು ಅಂತ ಬಾಯಿ ಬಡ್ಕೊಂಡ್ರು. ಅವರ ಮಕ್ಕಳು, ಮೊಮ್ಮಕ್ಕಳು ಕಾನ್ವೆಂಟಿನ ವ್ಯಾನ್ ಹತ್ತಿದಾಗೆಲ್ಲ ಬದುಕಿದ್ದ ಕನ್ನಡ, ನಮ್ಮ ಮಕ್ಕಳು ಹತ್ತಿದ ತಕ್ಷಣ ಹೇಗೆ ಸತ್ತಿತು ಸ್ವಾಮಿ? ಕನ್ನಡ ಉಳಿಸೋ ಜವಾಬ್ದಾರಿ ಕೂಲಿಯವರ ಮಕ್ಕಳಿಗೆ, ಇಂಗ್ಲಿಷಿನ ಲಾಭ ನಿಮ್ಮ ಮಕ್ಕಳಿಗೆ. ಇದು ಭಾಷಾಪ್ರೇಮ ಅಲ್ಲ, ಹಳೇ ಪಾಲುಪಟ್ಟಿ.

ಇನ್ನು ಆ ಟೆನ್ಸ್ ಅನ್ನೋ ಗುಮ್ಮನ ವಿಷಯ. ನಮ್ಮವ್ವಂದಿರು ದಿನಾ ಮಾತಾಡೋ ಕನ್ನಡದಲ್ಲಿ ಅದು ಮುಕ್ಕಾಲು ಭಾಗ ಆಗಲೇ ಇದೆ. 'ಬರ್ತಾ ಇದೀನಿ' ಅಂದ್ರೆ ಐ ಆಮ್ ಕಮಿಂಗ್. 'ಬಂದಿದೀನಿ' ಅಂದ್ರೆ ಐ ಹ್ಯಾವ್ ಕಮ್. 'ಬಂದಿದ್ದೆ' ಅಂದ್ರೆ ಐ ಹ್ಯಾಡ್ ಕಮ್. ಕನ್ನಡದಲ್ಲಿ ಬಂದನು, ಬಂದಳು, ಬಂದರು, ಬಂದಿತು ಅಂತ ಬಾಲ ಬದಲಾಯಿಸ್ತಾ ಹೋಗಬೇಕು. ಇಂಗ್ಲಿಷಲ್ಲಿ ಎಲ್ಲರಿಗೂ ಒಂದೇ 'ಕೇಮ್'. ಯಾವುದು ಕಷ್ಟ ಹೇಳಿ?

ಆ 'ಡಿಡ್ ನಾಟ್ ವೆಂಟ್' ಕೂಡ ಅಷ್ಟೇ. ಕನ್ನಡದಲ್ಲಿ ನಾವು 'ಹೋದಲಿಲ್ಲ' ಅಂತೀವಾ? ಇಲ್ಲ, 'ಹೋಗಲಿಲ್ಲ' ಅಂತೀವಿ. ಅದೇ ಥರ ಅಲ್ಲಿ 'ಡಿಡ್ ನಾಟ್ ಗೋ'. ಭೂತಕಾಲವನ್ನ 'ಡಿಡ್' ಹೊತ್ಕೊಂಡ ಮೇಲೆ 'ಗೋ' ಮತ್ತೆ ಹೊರಬೇಕಾಗಿಲ್ಲ. ಎಡವೋ ಜಾಗಗಳೂ ಇವೆ. 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ. ಇಂಗ್ಲಿಷಲ್ಲಿ ದಿನಾ ಅಂದ್ರೆ 'ಐ ಕಮ್', ನಾಳೆ ಅಂದ್ರೆ 'ಐ ವಿಲ್ ಕಮ್'. ಹೀಗೆ ಎರಡೂ ಭಾಷೆ ಪಕ್ಕಪಕ್ಕ ಇಟ್ಟು ಹೇಳಿಕೊಟ್ರೆ ಮಗು ಹಿಡ್ಕೊಳ್ಳುತ್ತೆ. ಅದು ಬಿಟ್ಟು ಹನ್ನೆರಡು ಕಾಲದ ಟೇಬಲ್ ಬರೆಸಿ, ಬಾಯಿಪಾಠ ಮಾಡಿಸಿ, 'ನಿಮ್ಮೋರ ತಲೆಗೆ ಇದೆಲ್ಲ ಹತ್ತಲ್ಲ ಬಿಡಿ' ಅಂದ್ರೆ, ಹತ್ತದೆ ಇರೋದು ತಲೆಗಲ್ಲ, ನಿಮ್ಮ ಪಾಠಕ್ಕೆ.

ಉದಾಹರಣೆಗಳೂ ನಮ್ಮವೇ ಆಗಲಿ. 'ರಾಮ ಮಾವಿನ ಹಣ್ಣು ತಿಂದನು' ಸಾಕು. 'ಬೀಟ್' ತಗೊಳ್ಳಿ. 'ದೇ ಬೀಟ್ ಅಸ್' ಅಂದ್ರೆ ಹೊಡೀತಾರೆ ಅಂತಲೂ ಹೌದು, ಹೊಡೆದರು ಅಂತಲೂ ಹೌದು, ರೂಪ ಒಂದೇ. ನಮ್ಮೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ಮಲ ಹೊರೋದನ್ನ ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಆದರೂ ಗುಂಡಿಗೆ ಇಳೀತಾನೇ ಇದ್ದಾರೆ. ಹಿಂದೆ ಶುರುವಾಗಿ ಇನ್ನೂ ನಿಲ್ಲದ ಇಂಥ ಕೆಲಸಕ್ಕೆ 'ಹ್ಯಾವ್ ಬೀನ್'. ಸಂವಿಧಾನದ 17ನೇ ವಿಧಿ ತೆಗೀರಿ. ಅಸ್ಪೃಶ್ಯತೆಯನ್ನ ಮುಂದೆ ಯಾವತ್ತೋ ತೆಗೀತೀವಿ ಅಂತ ಅಲ್ಲಿ 'ವಿಲ್' ಇಲ್ಲ. 'ಈಸ್' ಇದೆ. ಇವತ್ತಿನಿಂದಲೇ ರದ್ದು. ಆ ಎರಡಕ್ಷರದ ಬೆಲೆ ಗೊತ್ತಿರೋ ಹುಡುಗಿಗೆ ಯಾರೂ 'ಕಾಲ ಬದಲಾಗಲಿ, ಕಾಯಿರಿ' ಅಂತ ಹೇಳೋಕಾಗಲ್ಲ.

ಇದು ಬರೀ ಪಾಠದ ಮಾತಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟಿನ ಕಲಾಪ 348ನೇ ವಿಧಿಯ ಪ್ರಕಾರ ಇಂಗ್ಲಿಷಲ್ಲಿ ನಡೆಯುತ್ತೆ. ನಮ್ಮ ಕೇಸಿನ ತೀರ್ಪನ್ನ ನಾವೇ ಓದಲಾಗದಿದ್ರೆ ಇನ್ಯಾರೋ ಓದಿ ಹೇಳಿದ್ದೇ ನ್ಯಾಯ ಅಂತ ನಂಬಬೇಕು. ಸಾವಿರಾರು ವರ್ಷ ಹಾಗೇ ನಂಬಿ ಕೆಟ್ಟೋರು ನಾವು.

ಸಾವಿತ್ರಿಬಾಯಿ ಫುಲೆ 1854ರ 'ಕಾವ್ಯಫುಲೆ'ಯಲ್ಲೇ ಇಂಗ್ಲಿಷ್ ಕಲೀರಿ ಅಂತ ಕರೆ ಕೊಟ್ಟರು. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕೊಡಲಿಲ್ಲ, ಪರ್ಷಿಯನ್ ಓದಬೇಕಾಯ್ತು. ಆದರೆ ಇಂಗ್ಲಿಷಿನ ಬಾಗಿಲು ಮುಚ್ಚೋಕೆ ಅವರಿಂದ ಆಗಲಿಲ್ಲ. 1920ರಲ್ಲಿ 'ಮೂಕನಾಯಕ' ತಂದಿದ್ದು ಮರಾಠಿಯಲ್ಲಿ, 1936ರಲ್ಲಿ 'ಜಾತಿ ವಿನಾಶ' ಬರೆದಿದ್ದು ಇಂಗ್ಲಿಷಲ್ಲಿ. ಕೇರಿಯ ಜೊತೆ ಕೇರಿಯ ಭಾಷೆ, ಜಗತ್ತಿನ ಜೊತೆ ಜಗತ್ತಿನ ಭಾಷೆ. ಕನ್ನಡ ಬಿಡಿ ಅಂತ ನಾನೂ ಹೇಳ್ತಿಲ್ಲ. ಈ ನೆಲ ಉತ್ತೋರು, ಬಿತ್ತೋರು ನಾವು, ಕನ್ನಡ ಯಾರಪ್ಪನ ಆಸ್ತಿಯೂ ಅಲ್ಲ. ಎರಡೂ ನಮ್ಮದೇ.

ಕೊನೆಗೆ ನಮ್ಮ ಸಂಘಟನೆಯವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಫ್ಲೆಕ್ಸು, ಡಿಜೆ, ಹಾರಕ್ಕೆ ದುಡ್ಡು ಹೊಂದಿಸ್ತೀವಿ. ಮಿಕ್ಕ ದಿನ ಅಂಬೇಡ್ಕರ್ ಭವನಕ್ಕೆ ಬೀಗ. ಆ ಬೀಗ ತೆಗೀರಿ. ಭಾನುವಾರ ಎರಡು ಗಂಟೆ, ಒಂದು ಬೋರ್ಡು, ಹಾಸ್ಟೆಲಿನಲ್ಲಿ ಓದ್ತಿರೋ ಇಬ್ಬರು ಅಕ್ಕಂದಿರು ಅಥವಾ ಅಣ್ಣಂದಿರು ಸಾಕು. ಮಕ್ಕಳು ತಪ್ಪು ಮಾತಾಡಲಿ. ನಗೋರು ಯಾರೂ ಇರಬಾರದು ಅನ್ನೋದೊಂದೇ ಆ ಕ್ಲಾಸಿನ ರೂಲ್ಸು. ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರ್ಕೊಂಡಿದೀವಲ್ಲ, ಮೊದಲ ಪದದಿಂದಲೇ ಶುರು ಮಾಡೋಣ.

ನಿಮ್ಮೂರಲ್ಲಿ ಯಾವ ಭಾನುವಾರದಿಂದ ಶುರು, ಕೆಳಗೆ ಬರೀರಿ. ತಪ್ಪು ಇಂಗ್ಲಿಷಲ್ಲಿ ಬರೆದರೂ ಪರವಾಗಿಲ್ಲ.

ಜೈ ಭೀಮ್.