ಮೂತ್ರಪಿಂಡದ ತಡೆ: ರಂಧ್ರದ ಅಳತೆಗಿಂತ ಹೊಲಿಗೆ ಮುಖ್ಯ

ಮೂತ್ರಪಿಂಡ ಸೋಸಿದ ಮೂತ್ರವು ಮೊದಲು ಲಾಳಿಕೆಯಂತಿರುವ ಪೆಲ್ವಿಸ್ ಎಂಬ ಚೀಲದಲ್ಲಿ ಸೇರಿ, ಅಲ್ಲಿಂದ ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಇಳಿಯುತ್ತದೆ. ಚೀಲವೂ ನಾಳವೂ ಕೂಡುವ ಜಾಗ ಹುಟ್ಟಿನಿಂದಲೇ ಕಿರಿದಾಗಿದ್ದರೆ, ಇಲ್ಲವೇ ಮೂತ್ರಪಿಂಡದ ಕೆಳಭಾಗಕ್ಕೆ ಹೋಗುವ ರಕ್ತನಾಳವೊಂದು ಅಲ್ಲಿ ಅಡ್ಡ ಹಾಯ್ದು ಒತ್ತುತ್ತಿದ್ದರೆ, ಮೂತ್ರ ಹಿಂದೆಯೇ ನಿಂತು ಮೂತ್ರಪಿಂಡ ಊದಿಕೊಳ್ಳುತ್ತದೆ. ವೈದ್ಯರು ಪಿಯುಜೆ ತಡೆ ಎನ್ನುವ ಈ ತೊಂದರೆಗೆ ಇಂದು ‘ಕೀಹೋಲ್’ ಮತ್ತು ‘ರೋಬೋಟಿಕ್’ ಚಿಕಿತ್ಸೆಯ ಜಾಹೀರಾತುಗಳು ಹೇರಳವಾಗಿದ್ದರೂ, ಒಳಗೆ ನಡೆಯುವ ಶಸ್ತ್ರಕ್ರಿಯೆ ಮಾತ್ರ ಬಹುಮಟ್ಟಿಗೆ 1949ರದ್ದೇ.

ಆ ವರ್ಷ ಇಂಗ್ಲೆಂಡಿನ ಶೆಫೀಲ್ಡ್‌ನ ಆ್ಯಂಡರ್ಸನ್ ಮತ್ತು ಹೈನ್ಸ್ ಪ್ರಕಟಿಸಿದ ವಿಧಾನದಲ್ಲಿ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು, ನಾಳದ ತುದಿಯನ್ನು ಉದ್ದಕ್ಕೆ ಸೀಳಿ ಅಗಲಗೊಳಿಸಿ, ಅದನ್ನು ಚೀಲಕ್ಕೆ ಮರಳಿ ಹೊಲಿಯಲಾಗುತ್ತದೆ. ಅಡ್ಡ ಬಂದ ರಕ್ತನಾಳವಿದ್ದರೆ ಅದನ್ನು ಕತ್ತರಿಸದೆ, ಹೊಸ ಜೋಡಣೆಯನ್ನು ಅದರ ಮುಂಬದಿಗೆ ತರಲಾಗುತ್ತದೆ. ಪೈಲೋಪ್ಲಾಸ್ಟಿ ಎಂಬ ಈ ಕ್ರಿಯೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಫಲ ಕೊಡುತ್ತದೆಯಾದರೂ, ಪಕ್ಕೆಯ ಉದ್ದನೆಯ ಗಾಯ ಮತ್ತು ವಾರಗಟ್ಟಲೆಯ ನೋವು ಅದಕ್ಕೆ ತೆರಬೇಕಾದ ಬೆಲೆಯಾಗಿತ್ತು.

ಆ ಬೆಲೆಯನ್ನು ತಗ್ಗಿಸಲು 1980ರ ದಶಕದಲ್ಲಿ ಬಂದದ್ದು ಎಂಡೋಪೈಲೋಟಮಿ. ದುರ್ಬೀನಿನ ಸಹಾಯದಿಂದ ಇಕ್ಕಟ್ಟಾದ ಜಾಗವನ್ನು ಒಳಗಿನಿಂದಲೇ ಸೀಳಿ, ಗಾಯ ಸ್ಟೆಂಟ್ ಎಂಬ ತೆಳು ಕೊಳವೆಯ ಸುತ್ತ ಅಗಲವಾಗಿ ಮಾಯಲು ಬಿಡುವ ಈ ವಿಧಾನದಲ್ಲಿ ಹೊಲಿಗೆಯೇ ಇಲ್ಲ. ರೋಗಿಯ ದೇಹಕ್ಕೆ ಇದು ಅತಿ ಕಡಿಮೆ ತೊಂದರೆಯದಾದರೂ ಯಶಸ್ಸಿನ ಪ್ರಮಾಣ ಪೈಲೋಪ್ಲಾಸ್ಟಿಗಿಂತ ಗಣನೀಯವಾಗಿ ಕೆಳಗಿತ್ತು. ಅಡ್ಡ ರಕ್ತನಾಳವಿದ್ದವರಲ್ಲಿ ರಕ್ತಸ್ರಾವದ ಭಯವೂ ಇತ್ತು. ಗಾಯ ಸಣ್ಣದಾದ ಮಾತ್ರಕ್ಕೆ ಚಿಕಿತ್ಸೆ ಉತ್ತಮವಾಗುವುದಿಲ್ಲವೆಂದು ಮೂತ್ರಶಾಸ್ತ್ರ ಆಗಲೇ ಕಲಿತ ಪಾಠವನ್ನು ಈಗಿನ ಜಾಹೀರಾತುಗಳು ಮರೆಸುತ್ತಿವೆ.

1993ರಲ್ಲಿ ಅಮೆರಿಕದಿಂದ ವರದಿಯಾದ ಲ್ಯಾಪರೊಸ್ಕೋಪಿಕ್ ಪೈಲೋಪ್ಲಾಸ್ಟಿ ಗೆದ್ದದ್ದು ಹಳೆಯ ಹೊಲಿಗೆಯನ್ನು ಬಿಡದೆ ಗಾಯವನ್ನಷ್ಟೇ ಕಿರಿದುಗೊಳಿಸಿದ್ದರಿಂದ. ಮೂರು-ನಾಲ್ಕು ಸಣ್ಣ ರಂಧ್ರಗಳ ಮೂಲಕ ಉದ್ದನೆಯ ಉಪಕರಣಗಳಿಂದ ಕೂದಲೆಳೆಯಂಥ ದಾರದಲ್ಲಿ ಹೊಲಿಯುವುದು ಕಷ್ಟ, ಆ ಕೈಚಳಕಕ್ಕೆ ವರ್ಷಗಳ ಅಭ್ಯಾಸ ಬೇಕು. ರೋಬೋಟು ನಿವಾರಿಸುವುದು ಈ ಕಷ್ಟವನ್ನೇ ಹೊರತು ರೋಗಿಯ ಫಲಿತಾಂಶವನ್ನು ಅದು ಬೇರೆಯೇ ಎತ್ತರಕ್ಕೆ ಒಯ್ಯುವುದಿಲ್ಲ. ನುರಿತ ಕೈಗಳಲ್ಲಿ ಎರಡರ ಯಶಸ್ಸೂ ಹೆಚ್ಚುಕಡಿಮೆ ಸಮಾನ, ಖರ್ಚು ಮಾತ್ರ ಸಮಾನವಲ್ಲ. ಎಳೆಗೂಸುಗಳಲ್ಲಂತೂ ಚಿಕ್ಕ ಗಾಯದ ತೆರೆದ ಶಸ್ತ್ರಕ್ರಿಯೆ ಇಂದಿಗೂ ಒಪ್ಪತಕ್ಕ ಆಯ್ಕೆಯೇ ಆಗಿದೆ.

ಶಸ್ತ್ರಕ್ರಿಯೆ ಬೇಕೇ ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಕಾಣುವ ಶಿಶುವಿನ ಮೂತ್ರಪಿಂಡದ ಊತ ಅನೇಕ ವೇಳೆ ಹುಟ್ಟಿದ ಮೇಲೆ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ನೀಡಿ ಪ್ರತಿ ಮೂತ್ರಪಿಂಡದ ಕೆಲಸವನ್ನು ಅಳೆಯುವ ರೀನೋಗ್ರಾಂ ಪರೀಕ್ಷೆ ನಿರ್ಣಾಯಕ. ಒಟ್ಟು ಕೆಲಸದಲ್ಲಿ ಊದಿದ ಮೂತ್ರಪಿಂಡದ ಪಾಲು ಶೇ 40ಕ್ಕಿಂತ ಇಳಿದರೆ, ಮತ್ತೆ ಮತ್ತೆ ಅಳೆದಾಗ ಕುಸಿಯುತ್ತ ಹೋದರೆ, ಅಥವಾ ನೋವು, ಸೋಂಕು, ಕಲ್ಲು ಕಾಣಿಸಿಕೊಂಡರೆ ಶಸ್ತ್ರಕ್ರಿಯೆಗೆ ಕಾರಣವಿದೆ. ಈ ಪರೀಕ್ಷೆಗೆ ಬೇಕಾದ ನ್ಯೂಕ್ಲಿಯರ್ ಮೆಡಿಸಿನ್ ಸೌಲಭ್ಯ ದೊಡ್ಡ ನಗರಗಳಲ್ಲೇ ಕೇಂದ್ರೀಕೃತವಾಗಿರುವಾಗ, ಸಾರ್ವಜನಿಕ ಹಣ ರೋಬೋಟಿಗಿಂತ ಮೊದಲು ಅತ್ತ ಹರಿಯುವುದು ಹಾಗೂ ಯುವ ಶಸ್ತ್ರವೈದ್ಯರ ಹೊಲಿಗೆಯ ತರಬೇತಿಗೆ ಸಲ್ಲುವುದು ನ್ಯಾಯ.

ಶಸ್ತ್ರಕ್ರಿಯೆಯ ನಂತರದ ನಿಗಾ ಕೂಡ ಅಷ್ಟೇ ಮುಖ್ಯ. ಜೋಡಣೆ ಮಾಯುವವರೆಗೆ ಒಳಗಿಡುವ ಡಿಜೆ ಸ್ಟೆಂಟನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ತೆಗೆಯಬೇಕು. ನೋವು ಇಳಿಯಿತೆಂದು ಮನೆಗೆ ಹೋದವರು ಮರಳಿ ಬಾರದೆ, ಅದರ ಮೇಲೆ ಕಲ್ಲು ಕಟ್ಟಿ, ಉಳಿಸಿದ ಮೂತ್ರಪಿಂಡವನ್ನೇ ಕಳೆದುಕೊಳ್ಳುವ ಪ್ರಸಂಗಗಳಿವೆ. ಸ್ಟೆಂಟ್ ಹಾಕಿದ ಪ್ರತಿ ಆಸ್ಪತ್ರೆಯೂ ಅದನ್ನು ತೆಗೆಯುವ ದಿನಾಂಕವನ್ನು ದಾಖಲಿಸಿ, ಬಾರದ ರೋಗಿಯನ್ನು ಕರೆಸಿಕೊಳ್ಳುವ ಹೊಣೆಯನ್ನೂ ಹೊರಬೇಕು.